ಅಕ್ಕಿ ರಾಗಿ ಜಗಳವಾಡಲಿ

ನಾನು ಸಾಹಿತ್ಯ ಓದಿಕೊಂಡವನಲ್ಲ. ಓದಿದ್ದು ಬಿ.ಕಾಂ., ಆಮೇಲೆ ಸಿ.ಎ. ಹದಿನಾಲ್ಕು ವರ್ಷಗಳಿಂದ ಕೌಲಾಲಂಪುರದಲ್ಲಿ ಬೇರೆಯವರ ಲೆಕ್ಕ ನೋಡಿಕೊಂಡು ಬದುಕುತ್ತಿದ್ದೇನೆ. ಇಂಥವನು ವಿಮರ್ಶೆಗೆ ಕೈಹಾಕಿದ್ದಕ್ಕೆ ಕಾರಣ ಒಂದು ಮಕ್ಕಳ ನಾಟಕ. ತಾಲೀಮಿನಲ್ಲೇ ಸೋತ ಆ ನಾಟಕವನ್ನು ಬರೆದವನು ನಾನೇ. ಹಾಗಾಗಿ ಈ ವಿಮರ್ಶೆಯ ಮೊದಲ ಏಟು ನನಗೇ ಬೀಳಲಿ.

2023ನ್ನು ವಿಶ್ವಸಂಸ್ಥೆ ಭಾರತದ ಒತ್ತಾಸೆಯ ಮೇರೆಗೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತ್ತು. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಹನ್ನೊಂದು ಮಕ್ಕಳು. ರಾಜ್ಯೋತ್ಸವಕ್ಕೆ ಏನಾದರೂ ಮಾಡಿಸಿ ಎಂದಾಗ ನನಗೆ ಹೊಳೆದದ್ದು ಕನಕದಾಸರ 'ರಾಮಧಾನ್ಯ ಚರಿತೆ'. ಹುಟ್ಟಿದ್ದು ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆ, ಬೆಳೆದದ್ದು ಮುದ್ದೆ ತಿಂದು. ರಾಗಿಯೇ ನಾಯಕನಾದ ಕಾವ್ಯ ಇರುವಾಗ ಬೇರೆ ಏನು ಬೇಕು? ಇಪ್ಪತ್ತು ನಿಮಿಷದ ನಾಟಕ ಬರೆದೆ. ಅಕ್ಕಿ ಮತ್ತು ರಾಗಿ ಸ್ವಲ್ಪ ಮುನಿಸಿಕೊಳ್ಳುತ್ತವೆ, ರಾಮ ಬರುತ್ತಾನೆ, ಇಬ್ಬರೂ ಒಳ್ಳೆಯವರೇ ಎನ್ನುತ್ತಾನೆ, ಎಲ್ಲರೂ ಕೈಹಿಡಿದು ರೈತನಿಗೆ ಜೈಕಾರ ಹಾಕುತ್ತಾರೆ.

ಎರಡನೇ ತಾಲೀಮಿಗೇ ಮಕ್ಕಳು ಆಕಳಿಸತೊಡಗಿದರು. ಅಕ್ಕಿಯ ಪಾತ್ರದ ಒಂಬತ್ತು ವರ್ಷದ ಹುಡುಗ ಕೇಳಿದ: "ಅಂಕಲ್, ಇವರಿಬ್ರೂ ಯಾಕೆ ಜಗಳ ಆಡ್ತಿದಾರೆ?"

ನನ್ನಲ್ಲಿ ಉತ್ತರವಿರಲಿಲ್ಲ. ಜಗಳದ ಕಾರಣವನ್ನು ನಾನೇ ತೆಗೆದುಹಾಕಿದ್ದೆ.

ಆ ದಿನಗಳಲ್ಲೇ ಇಲ್ಲಿಯ ಅಂಗಡಿಗಳಲ್ಲಿ ಇನ್ನೊಂದು ನಾಟಕ ನಡೆಯುತ್ತಿತ್ತು. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಮಲೇಷ್ಯಾ ತಾನು ಉಣ್ಣುವ ಅಕ್ಕಿಯನ್ನೆಲ್ಲ ತಾನೇ ಬೆಳೆಯುವುದಿಲ್ಲ. ದೊಡ್ಡ ಪಾಲು ಹೊರಗಿನಿಂದ ಬರಬೇಕು. ಸೆಪ್ಟೆಂಬರ್ 1ರಿಂದ ಆಮದಾದ ಬಿಳಿ ಅಕ್ಕಿಯ ಬೆಲೆ ಟನ್ನಿಗೆ 2,350 ರಿಂಗಿಟ್‌ನಿಂದ 3,200ಕ್ಕೆ ಏರಿತು. ಸ್ಥಳೀಯ ಅಕ್ಕಿಗೆ ಸರ್ಕಾರ ಕಟ್ಟಿದ ಬೆಲೆ 10 ಕಿಲೋಗೆ 26 ರಿಂಗಿಟ್. ಎಲ್ಲರೂ ಅದಕ್ಕೇ ಮುಗಿಬಿದ್ದರು, ಅದು ಕಪಾಟಿನಿಂದ ಮಾಯವಾಯಿತು. ನಮ್ಮ ಬಡಾವಣೆಯ ಅಂಗಡಿಯಲ್ಲಿ ಒಬ್ಬರಿಗೆ ಒಂದೇ ಚೀಲ ಎಂಬ ಚೀಟಿ ಅಂಟಿಸಿದ್ದರು. ಸಿರಿಧಾನ್ಯದ ವರ್ಷದಲ್ಲಿ ನಾಡೆಲ್ಲ ಅಕ್ಕಿಯ ಚಿಂತೆಯಲ್ಲಿ ಮುಳುಗಿದ್ದಾಗ, ನನ್ನ ನಾಟಕದ ಅಕ್ಕಿಗೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ.

ಮಕ್ಕಳಿಗೆ ಬೇಸಾಯ ಮತ್ತು ಊಟದ ಬಗ್ಗೆ ಖುಷಿಯಾಗಿ ಕಲಿಸಬೇಕು ಎಂದು ಹೊರಟವರೆಲ್ಲ ನಾನು ಬರೆದಂಥದ್ದನ್ನೇ ಯಾಕೆ ಬರೆಯುತ್ತೇವೆ? ನಿಜವಾಗಿ ಕಲಿಸುವ ಕೃತಿಗಳಲ್ಲಿ ಏನಿರುತ್ತದೆ? ತಾಲೀಮು ನಿಲ್ಲಿಸಿ ಎರಡು ವಾರ ಇದನ್ನೇ ಯೋಚಿಸಿದೆ.

*

ನಮ್ಮ ಮಕ್ಕಳು ವೇದಿಕೆ ಹತ್ತಿದಾಗ ಬೇಸಾಯದ ಹೆಸರಿನಲ್ಲಿ ಹಾಡುವುದು ಹೆಚ್ಚಾಗಿ ಕುವೆಂಪು ಅವರ 'ನೇಗಿಲಯೋಗಿ'. ಅದು ದೊಡ್ಡ ಕವಿತೆ. ಅದರ ದೊಡ್ಡತನದ ಬಗ್ಗೆ ನನ್ನಂಥವನು ಹೇಳಬೇಕಾದ್ದಿಲ್ಲ. ಸಿಂಹಾಸನದ ಕಡೆ ನೋಡುತ್ತಿದ್ದವರ ಕಣ್ಣನ್ನು ಉಳುವವನ ಕಡೆ ತಿರುಗಿಸಿದ ಪದ್ಯ ಅದು. ಆದರೆ ಆ ಕಣ್ಣು ದೊಡ್ಡವರದು. ರೈತನನ್ನು ಕೀಳಾಗಿ ಕಂಡ ತಪ್ಪು ಮಾಡಿದವರಿಗೆ ಆ ಗೌರವದ ಪಾಠ ಬೇಕು. ಕೌಲಾಲಂಪುರದ ಹದಿನೆಂಟನೇ ಮಹಡಿಯಲ್ಲಿ ಬೆಳೆದ ಆರು ವರ್ಷದ ಮಗುವಿಗೆ ರೈತ ಯಾರೆಂದೇ ಗೊತ್ತಿಲ್ಲ. ಪರಿಚಯವೇ ಇಲ್ಲದವನಿಗೆ ಕೈಮುಗಿಯಲು ಹೇಳಿಕೊಟ್ಟರೆ ಮಗು ಮುಗಿಯುತ್ತದೆ, ಅಷ್ಟೇ. ಹಾಡು ಮುಗಿದ ಮೇಲೆ ಭತ್ತ ಎಲ್ಲಿ ಬೆಳೆಯುತ್ತದೆ ಎಂದು ಕೇಳಿ ನೋಡಿ.

ಅದೇ ಕುವೆಂಪು ಮಕ್ಕಳಿಗಾಗಿ ಬರೆದದ್ದು 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಬ್ರೌನಿಂಗ್‌ನ ಕತೆ ಅಲ್ಲಿ ಮಲೆನಾಡಿನ ಹಳ್ಳಿಯ ಬಟ್ಟೆ ತೊಟ್ಟಿದೆ. ಅಲ್ಲಿ ಗೌರವದ ಮಾತು ಕಡಿಮೆ, ಇಲಿಗಳ ಹಾವಳಿ ಜಾಸ್ತಿ. ಕೂಡಿಟ್ಟದ್ದನ್ನೆಲ್ಲ ಇಲಿ ತಿನ್ನುತ್ತದೆ, ಊರು ಕಂಗಾಲಾಗುತ್ತದೆ, ಕೊಟ್ಟ ಮಾತಿಗೆ ಗೌಡ ತಪ್ಪುತ್ತಾನೆ, ಅದರ ಬೆಲೆಯನ್ನು ಮಕ್ಕಳು ತೆರುತ್ತಾರೆ. ಆಹಾರವೆಂದರೆ ಬೆಳೆದರಷ್ಟೇ ಸಾಲದು, ಕಾಪಾಡಿಕೊಳ್ಳಬೇಕು, ಕಾಪಾಡಿದವನ ಬಾಕಿ ಕೊಡಬೇಕು ಎಂಬುದು ಮಗುವಿಗೆ ತಾನಾಗಿ ಗೊತ್ತಾಗುತ್ತದೆ. ಲೆಕ್ಕದವನಾದ ನನಗೆ ಆ ಬಾಕಿಯ ವಿಷಯವೇ ಹೆಚ್ಚು ಇಷ್ಟ. ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯವೂ ಹಾಗೆಯೇ. ಮಗು ಕೇಳುತ್ತದೆ, ನಾಯಿಮರಿ ಹೇಳುತ್ತದೆ. ತಿಂಡಿಗೂ ಕಾವಲಿಗೂ ಒಂದು ಒಪ್ಪಂದ ಕುದುರುತ್ತದೆ. ನಮ್ಮ ತರಗತಿಯಲ್ಲಿ ಕನ್ನಡ ತೊದಲುವ ಮಕ್ಕಳೂ ಅದನ್ನು ಒಂದೇ ವಾರದಲ್ಲಿ ಕಲಿತರು. ಪ್ರಶ್ನೆ ಇದ್ದಲ್ಲಿ ಮಗುವಿಗೆ ಕೆಲಸ ಸಿಗುತ್ತದೆ. ಹೊಗಳಿಕೆಯಲ್ಲಿ ಅದಕ್ಕೆ ಕೆಲಸವಿಲ್ಲ.

ಈ ದೃಷ್ಟಿಯಿಂದ ನಾನು ಕಂಡ ಅತ್ಯುತ್ತಮ ಬೇಸಾಯದ ಪದ್ಯ ಕನ್ನಡದ್ದಲ್ಲ, ಮಲಯ್ ಭಾಷೆಯದು. ಮಲೇಷ್ಯಾದಲ್ಲಿ ಬೆಳೆದ ಪ್ರತಿ ಮಗುವಿಗೂ ಗೊತ್ತಿರುವ ಹಾಡು 'ಬಂಗಾವ್ ಓ ಬಂಗಾವ್'. ನನ್ನ ಮಗಳು ಅದನ್ನು ತಾಡಿಕಾದಲ್ಲಿ, ಅಂದರೆ ಇಲ್ಲಿಯ ಶಿಶುವಿಹಾರದಲ್ಲಿ, ಕಲಿತು ಬಂದಳು. ಬಂಗಾವ್ ಎಂದರೆ ಬೆಳ್ಳಕ್ಕಿ. ಯಾಕೆ ಇಷ್ಟು ಸೊರಗಿದ್ದೀಯೆ ಎಂದು ಅದನ್ನು ಕೇಳಿದರೆ, ಮೀನು ಮೇಲೆ ಬರುತ್ತಿಲ್ಲ ಎನ್ನುತ್ತದೆ. ಮೀನನ್ನು ಕೇಳಿದರೆ ಹುಲ್ಲು ಬೆಳೆದುಬಿಟ್ಟಿದೆ ಎನ್ನುತ್ತದೆ. ಹುಲ್ಲು ಎಮ್ಮೆಯನ್ನು ದೂರುತ್ತದೆ, ಎಮ್ಮೆ ತನ್ನ ಹೊಟ್ಟೆನೋವನ್ನು, ಹೊಟ್ಟೆ ತಾನು ತಿಂದ ಬೇಯದ ಅನ್ನವನ್ನು. ಅನ್ನಕ್ಕೆ ಸೌದೆ ಒದ್ದೆ, ಸೌದೆಗೆ ಮಳೆಯ ಕಾಟ, ಮಳೆಯನ್ನು ಕರೆದದ್ದು ಕಪ್ಪೆ. ಕಪ್ಪೆ ಯಾಕೆ ಕೂಗಿತು? ಹಾವು ತಿನ್ನಲು ಬಂತು. ಹಾವನ್ನು ಕೇಳಿದರೆ, ಕಪ್ಪೆ ನನ್ನ ಊಟ ತಾನೆ ಎನ್ನುತ್ತದೆ. ಹಾಡು ಅಲ್ಲಿಗೆ ಮುಗಿಯಿತು.

ಇದನ್ನು ಮೊದಲ ಸಲ ಪೂರ್ತಿ ಕೇಳಿದಾಗ ನಾನು ಮಾಡುವ ಕೆಲಸವೇ ಇದು ಅನ್ನಿಸಿತು. ಒಂದು ಕಡೆ ಲೆಕ್ಕ ತಪ್ಪಿದೆ. ಒಂದೊಂದೇ ವೋಚರ್ ಹಿಡಿದು ಹಿಂದಕ್ಕೆ ಹೋಗಬೇಕು. ಗದ್ದೆಯ ನೀರು, ಹುಲ್ಲು, ಜಾನುವಾರು, ಒಲೆ, ಮಳೆ ಎಲ್ಲವೂ ಒಂದಕ್ಕೊಂದು ಗಂಟು ಹಾಕಿಕೊಂಡಿವೆ ಎಂಬುದನ್ನು ಯಾರೂ ಉಪದೇಶ ಮಾಡದೆ ಮೂರು ವರ್ಷದ ಮಗು ನಗುತ್ತಾ ಹೇಳುತ್ತದೆ. ಇಲ್ಲಿ ಖುಷಿ ಪಾಠದ ಮೇಲೆ ಸವರಿದ ಬೆಲ್ಲವಲ್ಲ. ಮುಂದೆ ಯಾರ ಮೇಲೆ ತಪ್ಪು ಹಾಕುತ್ತಾರೆ ಎಂಬ ಕುತೂಹಲವೇ ಖುಷಿ, ಅದೇ ಪಾಠ.

ಈ ಹಾಡು ನನಗೆ ಹೊಸದಲ್ಲ ಎಂದು ತಿಳಿಯಲು ಮಾತ್ರ ನಾಲ್ಕಾರು ದಿನ ಬೇಕಾಯಿತು. ಕೋಲಾರದ ಕಡೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕೆಲವರ ಮನೆಯಲ್ಲಿ ಅದು ತಿರುಗುಮುರುಗು. ನಮ್ಮಜ್ಜಿ ಎರಡನ್ನೂ ಬೆರೆಸಿ ಹೇಳುತ್ತಿದ್ದ ಏಳು ಮೀನಿನ ಕತೆ ತೆಲುಗಿನವರಿಗೆಲ್ಲ ಗೊತ್ತು. ರಾಜನ ಏಳು ಮಕ್ಕಳು ಏಳು ಮೀನು ಹಿಡಿದು ತಂದು ಒಣಗಲು ಹಾಕುತ್ತಾರೆ. ಒಂದು ಮಾತ್ರ ಒಣಗುವುದಿಲ್ಲ. ಯಾಕೆ? ಹುಲ್ಲಿನ ಮೆದೆ ಅಡ್ಡ ಬಂತು. ಹಸು ಮೇಯಲಿಲ್ಲ, ದನ ಕಾಯುವ ಹುಡುಗ ಬಿಡಲಿಲ್ಲ, ಅವನಿಗೆ ಅಜ್ಜಿ ಊಟ ಹಾಕಲಿಲ್ಲ, ಮಗು ಅಳುತ್ತಿತ್ತು, ಮಗುವಿಗೆ ಇರುವೆ ಕಚ್ಚಿತ್ತು. ಇರುವೆಯನ್ನು ಕೇಳಿದರೆ, ನನ್ನ ಚಿನ್ನದ ಹುತ್ತಕ್ಕೆ ಬೆರಳಿಟ್ಟರೆ ಕಚ್ಚದೆ ಬಿಡುತ್ತೇನೆಯೇ ಎನ್ನುತ್ತದೆ.

ಎರಡಕ್ಕೂ ಒಂದು ವ್ಯತ್ಯಾಸವಿದೆ. ಮಲಯ್ ಹಾಡಿನಲ್ಲಿ ಮನುಷ್ಯ ಕಾಣುವುದೇ ಇಲ್ಲ. ಅನ್ನ ಬೇಯಿಸಲು ಯಾರೋ ಕುಳಿತಿರಬೇಕು, ಆದರೆ ಮಾತಾಡುವುದು ಸೌದೆ. ನಮ್ಮ ಕಡೆಯ ಕತೆಯಲ್ಲಿ ದನ ಕಾಯುವ ಹುಡುಗನಿದ್ದಾನೆ, ಅವನು ಹಸಿದಿದ್ದಾನೆ, ಅವನಿಗೆ ಊಟ ಬಾರದಿದ್ದರೆ ರಾಜಕುಮಾರನ ಮೀನೂ ಒಣಗುವುದಿಲ್ಲ. ಕೂಲಿಯವನ ಹಸಿವು ಅರಮನೆಯ ಅಡುಗೆಗೆ ತಗಲುತ್ತದೆ. ನಮ್ಮಜ್ಜಿ ಇದನ್ನು ಬಿಡಿಸಿ ಹೇಳಿದವಳಲ್ಲ. ಬಿಡಿಸಿ ಹೇಳಿದ್ದರೆ ನಾನು ನಿದ್ದೆಹೋಗುತ್ತಿದ್ದೆ.

ಈ ದೇಶ ಭತ್ತದ ಬಗ್ಗೆ ಮಕ್ಕಳಿಗೆ ಕಲಿಸಲು ದೊಡ್ಡ ಖರ್ಚನ್ನೂ ಮಾಡಿದೆ. ಭತ್ತದ ಕಣಜವೆನಿಸಿದ ಕೆಡಾ ರಾಜ್ಯದ ಆಲೋರ್ ಸೆಟಾರ್ ಬಳಿ, ಗುನುಂಗ್ ಕೆರಿಯಾಂಗ್ ಬೆಟ್ಟದ ಬುಡದಲ್ಲಿ, 2004ರಲ್ಲಿ ತೆರೆದ ಭತ್ತದ ಮ್ಯೂಸಿಯಂ ಇದೆ. ಅದರ ಮೇಲಂತಸ್ತಿನಲ್ಲಿ ಉತ್ತರ ಕೊರಿಯಾದ ಕಲಾವಿದರು ಬಿಡಿಸಿದ, ಸುತ್ತಲೂ ಆವರಿಸುವ ಗದ್ದೆಗಳ ಚಿತ್ರ. ನೋಡುವವರು ಕುಳಿತ ವೇದಿಕೆ ಮೆಲ್ಲಗೆ ತಿರುಗುತ್ತದೆ. ಚಿತ್ರ ಬೆರಗು ಹುಟ್ಟಿಸುತ್ತದೆ, ನಿಜ. ಆದರೆ ಕುಳಿತವರು ತಿರುಗುತ್ತಾರೆ, ಗದ್ದೆ ಕೆಳಗೆ ದೂರದಲ್ಲಿ ಸುಮ್ಮನೆ ಇರುತ್ತದೆ. ಅದೂ ಒಂದು ಬಗೆಯ ನೇಗಿಲಯೋಗಿಯೇ ಎಂದುಕೊಂಡೆ. ಕೌಲಾಲಂಪುರದಿಂದ ಸುಮಾರು 100 ಕಿಲೋಮೀಟರ್ ದೂರದ ಸೆಕಿಂಚಾನ್‌ಗೆ ಹೋದಾಗ ಬೇರೆಯೇ ಆಯಿತು. ಕಟಾವಿನ ಯಂತ್ರದ ಹಿಂದೆ ನೂರಾರು ಬೆಳ್ಳಕ್ಕಿ. ಮಗಳು ಕಾರಿನಿಂದ ಇಳಿಯುತ್ತಲೇ, "ಅಪ್ಪಾ, ಇವು ಸೊರಗಿಲ್ಲ! ಯಾಕೆ?" ಎಂದಳು. ಯಂತ್ರ ಹುಳ ಎಬ್ಬಿಸುತ್ತಿದೆ, ಅದನ್ನು ಹೆಕ್ಕುತ್ತಿವೆ ಎಂದು ಗದ್ದೆಯ ಬದುವಿನಲ್ಲಿ ನಿಂತಿದ್ದವರು ಹೇಳಿದರು. ಹಾಡು ಅವಳ ಬಾಯಿಗೆ ಒಂದು ಪ್ರಶ್ನೆ ಕೊಟ್ಟು ಕಳಿಸಿತ್ತು.

*

ಈಗ ರಾಮಧಾನ್ಯಕ್ಕೆ ಬರುತ್ತೇನೆ. ಭಾಮಿನಿ ಷಟ್ಪದಿಯ ಈ ಪುಟ್ಟ ಕಾವ್ಯವನ್ನು ಮಕ್ಕಳಿಗೆ ಹೇಳುವವರೆಲ್ಲ ಸಾಮಾನ್ಯವಾಗಿ ಹೀಗೆ ಮುಗಿಸುತ್ತಾರೆ: ಅಕ್ಕಿಗೆ ಅಹಂಕಾರ ಬಂತು, ರಾಮ ಬುದ್ಧಿ ಕಲಿಸಿದ, ಆದ್ದರಿಂದ ಮಕ್ಕಳೇ, ಜಂಬ ಪಡಬೇಡಿ. ನಾನೂ ಅದನ್ನೇ ಮಾಡಿದ್ದೆ. ಮತ್ತೆ ಕಾವ್ಯ ತೆಗೆದು ಓದಿದಾಗ ನಾಚಿಕೆಯಾಯಿತು.

ರಾವಣವಧೆ ಮುಗಿಸಿ ಬರುತ್ತಿರುವ ರಾಮನಿಗೆ ಮುನಿಗಳು ಉಪಚಾರ ಮಾಡುತ್ತಾರೆ. ಬಗೆಬಗೆಯ ಭಕ್ಷ್ಯ ಉಂಡ ರಾಮ, ಇವನ್ನು ಮಾಡಿದ ಧಾನ್ಯಗಳನ್ನು ನೋಡಬೇಕು ಎನ್ನುತ್ತಾನೆ. ಉಂಡ ಮೇಲೆ ಕಾಳು ತೋರಿಸಿ ಎನ್ನುವ ರಾಮ! ಮಕ್ಕಳ ಪಾಠ ಇಲ್ಲಿಂದಲೇ ಶುರುವಾಗಬೇಕು. ಮಲಯ್ ಭಾಷೆಯಲ್ಲಿ ಗದ್ದೆಯಲ್ಲಿರುವುದು ಪಾದಿ, ಚೀಲದಲ್ಲಿರುವುದು ಬೆರಾಸ್, ತಟ್ಟೆಯಲ್ಲಿರುವುದು ನಾಸಿ. ನಮಗೂ ಭತ್ತ, ಅಕ್ಕಿ, ಅನ್ನ ಎಂದು ಮೂರಿವೆ. ನಮ್ಮ ಮಕ್ಕಳು ಮನೆಯಲ್ಲಿ ಆಡುವ ಇಂಗ್ಲಿಷಿನಲ್ಲಿ ಮೂರಕ್ಕೂ ರೈಸ್ ಒಂದೇ. ಮೂರು ಪದ ಇದ್ದ ಕಡೆ ಒಂದರಿಂದ ಇನ್ನೊಂದಕ್ಕೆ ಹೋಗುವ ಕೆಲಸ ಕಾಣುತ್ತದೆ: ಕುಟ್ಟುವುದು, ಕೇರುವುದು, ತೊಳೆಯುವುದು, ಬೇಯಿಸುವುದು. ಒಂದೇ ಪದ ಇದ್ದರೆ ಆ ಕೆಲಸವೆಲ್ಲ ಮರೆಯಾಗುತ್ತದೆ. ತಟ್ಟೆಯಿಂದ ಕಾಳಿಗೆ ಹಿಂದಿರುಗಿ ನಡೆಯುವ ರಾಮ ಬಂಗಾವ್ ಹಾಡಿನ ಮಗುವಿನ ಹಾಗೆಯೇ ಕಾಣುತ್ತಾನೆ.

ಧಾನ್ಯಗಳು ಬರುತ್ತವೆ. ಯಾವುದು ಮೇಲು ಎಂಬುದರಲ್ಲಿ ಮುನಿಗಳಿಗೇ ಒಮ್ಮತವಿಲ್ಲ. ಗೌತಮ ನರೆದಲೆಗನ, ಎಂದರೆ ರಾಗಿಯ, ಪಕ್ಷ. ಅದನ್ನು ಕೇಳಿ ವ್ರೀಹಿಗೆ, ಅಂದರೆ ಅಕ್ಕಿಗೆ, ಕೆರಳುತ್ತದೆ. ನಾನು ದೇವರ ನೈವೇದ್ಯಕ್ಕೆ ಸಲ್ಲುವವನು, ಉತ್ತಮರ ಊಟ. ನೀನು ಶೂದ್ರರ ಅನ್ನ, ನನ್ನ ಸಮಕ್ಕೆ ನಿಲ್ಲುವೆಯಾ ಎಂದು ಹಂಗಿಸುತ್ತದೆ. ನರೆದಲೆಗ ಸುಮ್ಮನಿರುವುದಿಲ್ಲ. ನೀನು ಉಳ್ಳವರ ಬೆನ್ನು ಹತ್ತಿದವನು; ರೋಗಿಗೆ, ಬಾಣಂತಿಗೆ ಪಥ್ಯವಾಗುವವನು; ಹೆಣದ ಬಾಯಿಗೆ ಹಾಕುವ ಅಕ್ಕಿ ನೀನು; ಮಳೆ ಹೋಗಿ ಬರ ಬಿದ್ದಾಗ ನೀನು ಎಲ್ಲಿರುತ್ತೀಯೆ? ಜನರ ಜೀವ ಉಳಿಸುವವನು ನಾನು ಎನ್ನುತ್ತದೆ.

ಈ ಬೈಗುಳವನ್ನು ಒಮ್ಮೆ ಪಟ್ಟಿ ಮಾಡಿ ನೋಡಿ. ಯಾವ ಬೆಳೆಗೆ ಎಷ್ಟು ನೀರು ಬೇಕು, ಯಾರ ಮನೆಯಲ್ಲಿ ಯಾವುದು ಬೇಯುತ್ತದೆ, ಯಾವುದು ಹಬ್ಬಕ್ಕೆ, ಯಾವುದು ಸಾವಿಗೆ, ಯಾವುದು ಕಾಯಿಲೆಗೆ, ಬರದಲ್ಲಿ ಯಾವುದು ಕೈಹಿಡಿಯುತ್ತದೆ. ಇಡೀ ಪಠ್ಯಪುಸ್ತಕ ಜಗಳದ ಒಳಗೇ ಇದೆ. ಜಗಳ ತೆಗೆದರೆ ಪಠ್ಯವೂ ಹೋಯಿತು. ಇದು ನನ್ನ ನಾಟಕಕ್ಕೆ ಬಡಿದಿದ್ದ ರೋಗ.

ಹಾಗೆಂದು ಕಾವ್ಯವನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಜಗಳ ತೀರಿಸಲು ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಆರು ತಿಂಗಳ ಬಳಿಕ ಹೊರಗೆ ತಂದರೆ ಅಕ್ಕಿ ಸೊರಗಿದೆ, ರಾಗಿ ಇದ್ದ ಹಾಗೇ ಇದೆ. ರಾಗಿ ಗೆದ್ದು ರಾಘವನ ಹೆಸರು ಪಡೆಯುತ್ತದೆ. ನೋಡದೆ ತೀರ್ಪು ಕೊಡುವುದಿಲ್ಲ ಎಂಬ ಈ ನಿಲುವು ನನ್ನಂಥ ಲೆಕ್ಕಪರಿಶೋಧಕನಿಗೆ ಹಿಡಿಸುವಂಥದು. ನಾವೂ ಗೋದಾಮಿಗೆ ಹೋಗಿ ಸರಕನ್ನು ಕಣ್ಣಾರೆ ಎಣಿಸದೆ ಸಹಿ ಹಾಕುವುದಿಲ್ಲ. ಆದರೆ ಯಾವುದನ್ನು ಅಳೆಯಬೇಕೆಂದು ನಿರ್ಧರಿಸಿದವನು ಅರ್ಧ ತೀರ್ಪನ್ನು ಆಗಲೇ ಕೊಟ್ಟಿರುತ್ತಾನೆ ಎಂಬುದೂ ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಕೂಡಿಟ್ಟರೆ ಕೆಡದಿರುವುದು ರಾಗಿಯ ಹುಟ್ಟುಗುಣ. ಕಾಳು ಸಣ್ಣದು, ಹುಳ ಹತ್ತುವುದು ಕಡಿಮೆ. ನಮ್ಮೂರಲ್ಲಿ ನೆಲದಡಿಯ ಹಗೇವಿನಲ್ಲಿ ತುಂಬಿಟ್ಟು ವರ್ಷಗಟ್ಟಲೆ ಬಿಟ್ಟು ತೆಗೆಯುತ್ತಿದ್ದರು. ಪರೀಕ್ಷೆ ಅದರ ಅಂಗಳದಲ್ಲೇ ನಡೆಯಿತು.

ಮಗಳು ಇದನ್ನು ಥಟ್ಟನೆ ಹಿಡಿದಳು. "ಇದು ಮೋಸ ಅಪ್ಪಾ. ಜೈಲಲ್ಲಿ ನೀರು ತುಂಬಿಸಬೇಕಿತ್ತು. ಆಗ ಯಾರು ಗೆಲ್ತಿದ್ರು?" ಹಾಗಾದರೆ ನೋಡಿಯೇ ಬಿಡೋಣ ಎಂದು 2024ರ ಜನವರಿಯಲ್ಲಿ ಬಾಲ್ಕನಿಯಲ್ಲಿ ಎರಡು ಬಕೆಟ್ ಇಟ್ಟೆವು. ಒಂದರಲ್ಲಿ ಕೆಸರು ಮಾಡಿ ಸೆಕಿಂಚಾನ್ ದಾರಿಯಲ್ಲಿ ಸಿಕ್ಕ ಭತ್ತ, ಇನ್ನೊಂದರಲ್ಲಿ ಊರಿನಿಂದ ತಂದ ರಾಗಿ. ರಾಗಿ ಚೆನ್ನಾಗಿಯೇ ಎದ್ದಿತು. ತೆನೆ ಬರುವ ಹೊತ್ತಿಗೆ ಏಪ್ರಿಲ್ ಮಳೆ ದಿನಾ ಸಂಜೆ ಹೊಡೆಯಿತು. ಕೆಲವು ತೆನೆ ಕಪ್ಪಾದವು, ಕೆಲವು ತೆನೆಯಲ್ಲೇ ಮೊಳೆತವು, ಉಳಿದದ್ದನ್ನು ಮೈನಾ ಹಕ್ಕಿಗಳು ಮುಗಿಸಿದವು. ಭತ್ತ ಮಾತ್ರ ತಲೆಬಾಗಿ ನಿಂತಿತ್ತು. ಬಂದದ್ದು ಅರ್ಧ ಲೋಟವೂ ಇಲ್ಲ, ಆದರೂ ಗೆಲುವು ಗೆಲುವೇ. ಕೋಲಾರದಲ್ಲಿ ರಾಗಿ, ಸೆಕಿಂಚಾನ್‌ನಲ್ಲಿ ಭತ್ತ ಎಂದು ಮಗಳು ತೀರ್ಪು ಬರೆದಳು. ಕಾವ್ಯದ ತೀರ್ಪಿಗಿಂತ ಇದು ನ್ಯಾಯವಾದದ್ದು ಎಂದು ನನ್ನ ಅಭಿಪ್ರಾಯ. ಆದರೆ ಕಾವ್ಯದ ಪರೀಕ್ಷೆ ಇಲ್ಲದಿದ್ದರೆ ಅವಳ ಪರೀಕ್ಷೆಯೂ ಇರುತ್ತಿರಲಿಲ್ಲ.

ಇನ್ನೊಂದು ಮಾತು. ರಾಗಿಯನ್ನು ಮಣ್ಣಿನ ಮಗ ಎಂದು ಮೆರೆಸುವ ನಮ್ಮ ಉತ್ಸಾಹಕ್ಕೂ ಸ್ವಲ್ಪ ತಿದ್ದುಪಡಿ ಬೇಕು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದದ್ದು. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಸಂಕರ ಮಾಡಿ ಇಂಡಾಫ್ ತಳಿಗಳನ್ನು ತಂದರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲೇ ಇವೆ. ಅಪ್ಪನ ಹೊಲದಲ್ಲಿ ಇಳುವರಿ ಏರಿದ್ದು ಇಂಡಾಫ್ ಬಂದ ಮೇಲೆ. ಬೇರೆ ನೆಲದಲ್ಲಿ ಬೇರೂರಿದ ಧಾನ್ಯ ಇದು ಎಂದಾಗ, ಅದುವರೆಗೆ ತಾವು ಎಲ್ಲಿಯವರು ಎಂಬ ಪ್ರಶ್ನೆಗೆ ತಡವರಿಸುತ್ತಿದ್ದ ತರಗತಿಯ ಮಕ್ಕಳು ರಾಗಿಯ ಕಡೆ ಒಂದು ಬಗೆಯ ನೆಂಟಸ್ತಿಕೆಯಿಂದ ನೋಡಿದರು.

*

ನಾಟಕವನ್ನು ತಿದ್ದಿ ಬರೆದೆ. ಬೈಗುಳ ಮರಳಿ ಬಂತು. ನರೆದಲೆಗ ಎಂದರೆ ತಲೆ ನರೆತವನು ಎಂದು ತಿಳಿದ ಮೇಲೆ ಅಕ್ಕಿಯ ಪಕ್ಷದವರು 'ಏ ಮುದುಕಾ' ಎಂದು ಕೂಗತೊಡಗಿದರು. ರಾಗಿಯ ಪಕ್ಷದವರು 'ಒಂದು ದಿನ ನೀರಿಲ್ಲದಿದ್ದರೆ ಅಳ್ತೀಯಾ' ಎಂದು ತಿರುಗಿಬಿದ್ದರು. ತಾಲೀಮು ಮುಗಿದರೂ ಯಾರೂ ಮನೆಗೆ ಹೊರಡಲಿಲ್ಲ. ಮಾತುಗಳಲ್ಲಿ ಅರ್ಧ ಮಕ್ಕಳೇ ಕಟ್ಟಿದ್ದು.

ಒಂದನ್ನು ಮಾತ್ರ ನಾನು ಮರಳಿ ತಂದಿರಲಿಲ್ಲ. ಜಾತಿಯ ಮಾತು. ಸಭೆಯಲ್ಲಿ ಎಲ್ಲ ಬಗೆಯವರೂ ಇರುತ್ತಾರೆ, ಪರದೇಶಕ್ಕೆ ಬಂದೂ ಅದೇಕೆ ಎಂದು ಸಮಾಧಾನ ಹೇಳಿಕೊಂಡೆ. 'ನೀನು ಬಡವರ ಊಟ' ಎಂದಷ್ಟೇ ಬರೆದಿದ್ದೆ.

ಆ ವಾರ ಫೋನಿನಲ್ಲಿ ಅಪ್ಪ ಕೇಳಿದರು: "ಏನಂತೈತೋ ನಿನ್ನ ಅಕ್ಕಿ?"

ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೇನಾ? ನಮ್ಮ ಕಾಲದ ಅಕ್ಕಿ ಇನ್ನೂ ಜೋರಾಗಿ ಮಾತಾಡ್ತಿತ್ತು" ಎಂದರು. ಆಮೇಲೆ, ನಾನು ಎಂದೂ ಕೇಳಿರದ ಒಂದು ಸಂಗತಿ ಹೇಳಿದರು. ಹತ್ತು ಹನ್ನೆರಡು ವಯಸ್ಸಿನಲ್ಲಿ ಅವರು ತಾತನ ಜೊತೆ ದೊಡ್ಡ ಮನೆಯೊಂದರ ಕಣಕ್ಕೆ ಒಕ್ಕಣೆಗೆ ಹೋಗುತ್ತಿದ್ದರು. ಕೆಲಸ ಮುಗಿದ ರಾತ್ರಿ ಮನೆಯವರಿಗೆ ಒಳಗೆ ಎಲೆ ಹಾಕಿ ಅನ್ನ. ಒಕ್ಕಿದವರಿಗೆ ಕೊಟ್ಟಿಗೆಯ ಜಗಲಿಯಲ್ಲಿ ಮುದ್ದೆ, ಬಸ್ಸಾರು. "ಮುದ್ದೆ ಚೆನ್ನಾಗೇ ಇತ್ತಪ್ಪ, ಅದಕ್ಕೇನೂ ಹೇಳಂಗಿಲ್ಲ. ಆದರೆ ಒಳಗಿಂದ ಅನ್ನದ ವಾಸನೆ ಬರ್ತಿತ್ತು."

ನನಗೆ ನನ್ನದೇ ಒಂದು ನೆನಪು ಬಂತು. ಬೆಂಗಳೂರಿನಲ್ಲಿ ಸಿ.ಎ. ಆರ್ಟಿಕಲ್‌ಶಿಪ್ ಮಾಡುವಾಗ ಜೊತೆಯವರ ಡಬ್ಬಿಗಳಲ್ಲಿ ಚಿತ್ರಾನ್ನ, ಮೊಸರನ್ನ. ನೀವು ಮುದ್ದೆಯವರಾ ಎಂದು ಒಬ್ಬ ಕೇಳಿದಾಗ, ಇಲ್ಲ, ನನಗೆ ರಾಗಿ ಒಗ್ಗಲ್ಲ ಎಂದಿದ್ದೆ. ಅಮ್ಮ ಕಟ್ಟಿಕೊಟ್ಟ ರಾಗಿರೊಟ್ಟಿ ಆ ದಿನ ಚೀಲದಲ್ಲೇ ಉಳಿಯಿತು. ಇಂದು ಬ್ರಿಕ್‌ಫೀಲ್ಡ್ಸ್‌ನ ತಮಿಳರ ಅಂಗಡಿಯಲ್ಲಿ ಕೇಳ್ವರಗು ಎಂದು ಕೇಳಿ ಅದೇ ರಾಗಿಯ ಹಿಟ್ಟನ್ನು ಅಕ್ಕಿಗಿಂತ ಹೆಚ್ಚು ದುಡ್ಡು ಕೊಟ್ಟು ತರುತ್ತೇನೆ. ಸಕ್ಕರೆ ಕಾಯಿಲೆಯ ಗೆಳೆಯರಿಗೆ ವೈದ್ಯರೂ ಅದನ್ನೇ ಹೇಳಿದ್ದಾರೆ. ರೋಗಿಯ ಪಥ್ಯ ಎಂದು ಅಕ್ಕಿಯನ್ನು ಹಂಗಿಸಿದ ರಾಗಿ ಈಗ ತಾನೇ ಪಥ್ಯವಾಗಿದೆ. ಕನಕದಾಸರು ಇದ್ದಿದ್ದರೆ ಇನ್ನೊಂದು ಸುತ್ತಿನ ಜಗಳ ಬರೆಯುತ್ತಿದ್ದರೇನೋ.

ರಾಮಧಾನ್ಯದ ಬಗ್ಗೆ ನನಗೆ ಉಳಿದಿರುವ ತಕರಾರು ಅದೇ ಜಗಲಿಯಲ್ಲಿ ಹುಟ್ಟಿದ್ದು. ಅಷ್ಟೆಲ್ಲ ವಾದದಲ್ಲಿ ಬೆಳೆದವನು ಬಂದು ಮಾತಾಡುವುದಿಲ್ಲ. ಮುನಿಗಳು ಮಾತಾಡುತ್ತಾರೆ, ರಾಮ ಮಾತಾಡುತ್ತಾನೆ, ಕಾಳು ಮಾತಾಡುತ್ತದೆ. ಒಕ್ಕಿದವನು ಕಾಣುವುದಿಲ್ಲ, ಕಾಣದಿದ್ದರೂ ಅವನ ಸಿಟ್ಟು ರಾಗಿಯ ಬಾಯಿಯಲ್ಲಿ ಬಂದಿದೆ ಎಂದು ಈಗ ನನಗೆ ತೋರುತ್ತದೆ. ಅದನ್ನು ಬಡತನ ಎಂದಷ್ಟೇ ಬರೆದು ನಾನು ಆ ಬಾಯಿಯನ್ನೂ ಮುಚ್ಚಿದ್ದೆ. ಮಕ್ಕಳಿಗೆ ಅರ್ಥವಾಗುವುದಿಲ್ಲ ಎಂದು ನಾವು ಕತ್ತರಿಸುವ ಬಹುಪಾಲು ಸಂಗತಿಗಳು ನಮಗೆ ಮುಜುಗರವಾಗುವಂಥವು.

ಕೊನೆಗೆ ಅಕ್ಕಿಗೆ ಈ ಮಾತು ಕೊಟ್ಟೆ: 'ನಿನ್ನನ್ನು ತಿನ್ನುವವರನ್ನು ನಮ್ಮ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಜಗಲಿಯಲ್ಲೇ ಕೂರಲಿ.' ನವೆಂಬರ್ ಕೊನೆಯ ಭಾನುವಾರ, ಅದುವರೆಗೆ ಪ್ರತಿ ಬೈಗುಳಕ್ಕೂ ನಗುತ್ತಿದ್ದ ಸಭೆ ಆ ಒಂದು ಮಾತಿಗೆ ನಗಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹಿರಿಯರು, ಮಕ್ಕಳ ನಾಟಕದಲ್ಲಿ ಅದು ಬೇಡವಾಗಿತ್ತು ಎಂದರು. ಇನ್ನೊಬ್ಬರು ಏನೂ ಹೇಳದೆ ನನ್ನ ಕೈ ಒತ್ತಿ ಹೋದರು. ಅಂದಿನ ಊಟಕ್ಕೆ ಅನ್ನ, ಮುದ್ದೆ ಎರಡೂ ಇತ್ತು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಬಡಿಸಿಕೊಂಡರು.

ರಾಗಿಯ ವೇಷವನ್ನು ಇನ್ನೂ ಬಿಚ್ಚದೆ ಮಗಳು ಕಾರಿನಲ್ಲಿ ಕುಳಿತಿದ್ದಳು. ತಲೆಯ ಬಿಳಿ ಹತ್ತಿ ಕೂದಲು ಒಂದು ಕಡೆಗೆ ಜಾರಿತ್ತು.

"ಅಪ್ಪಾ, ಜಗಲಿಯಲ್ಲಿ ಕೂರಲಿ ಅಂತ ಅಕ್ಕಿ ಯಾಕೆ ಅಂತು?"

"ಅಕ್ಕಿ ತಿನ್ನೋರು ಹಾಗೆ ಅಂತಿದ್ರು. ಅದನ್ನ ಕೇಳಿ ಕಲಿತಿತ್ತು."

"ಅವರು ಯಾಕೆ ಅಂತಿದ್ರು?"

"ಅವರ ಮನೆಯ ದೊಡ್ಡವರು ಹಾಗೆ ಅಂತಿದ್ರು."

"ದೊಡ್ಡವರು ಯಾಕೆ ಅಂತಿದ್ರು?"

ಬಂಗಾವ್ ಹಾಡಿನ ಧಾಟಿಯಲ್ಲೇ ಕೇಳುತ್ತಿದ್ದಳು. ಆ ಹಾಡಿನಲ್ಲಿ ಕೊನೆಗೆ ಒಂದು ಹಾವು ಸಿಗುತ್ತದೆ, ಅಜ್ಜಿಯ ಕತೆಯಲ್ಲಿ ಒಂದು ಇರುವೆ. ನಾನು ಸಿಗ್ನಲ್ ಹಸಿರಾಗುವುದನ್ನೇ ಕಾಯುತ್ತಿದ್ದೆ. ಊರಿಗೆ ಹೋದಾಗ ತಾತನನ್ನೇ ಕೇಳು ಎಂದೆ. ಮುಂದಿನ ಬೇಸಿಗೆಯಲ್ಲಿ ಮುಳಬಾಗಿಲಿಗೆ ಹೋದಾಗ ಬಸ್ಸು ಇಳಿದ ಮೊದಲ ಸಂಜೆಯೇ ಅವಳು ಕೇಳಿದಳು. ಅಪ್ಪ ಅವಳನ್ನು ಕರೆದುಕೊಂಡು ಆ ಕಣ ಇದ್ದ ಜಾಗ ತೋರಿಸಲು ಹೊರಟರು. ನಾನೂ ಹಿಂದೆ ಹೋದೆ. ಅಲ್ಲಿಯವರೆಗೆ ಆ ಜಾಗವನ್ನು ನಾನೂ ನೋಡಿರಲಿಲ್ಲ.